ಸೋಲಿಸುವವರನ್ನೇ ಹುಡುಕಿ ತರುತ್ತಿದ್ದ ಭಾಯ್

ಹೋದ ಭಾನುವಾರ ಬೀರು ಸರಿಮಾಡುವಾಗ ಹಳೆಯ ಪೆನ್ನಿನ ಡಬ್ಬಿಯಲ್ಲಿ ಒಂದು ರಬ್ಬರಿನ ಗುಂಡು ಸಿಕ್ಕಿತು. ಗೋಲಿಗಿಂತ ಸ್ವಲ್ಪ ದಪ್ಪ, ಹಿಡಿದರೆ ಕಬ್ಬಿಣದ ತೂಕ. ಇದೇನೆಂದು ಮಗಳು ಕೇಳಿದಳು. ಹಿಂದೆ ಕಂಪ್ಯೂಟರಿನ ಮೌಸಿನ ಹೊಟ್ಟೆಯಲ್ಲಿ ಇಂಥದೊಂದು ಗುಂಡು ಇರುತ್ತಿತ್ತು ಎಂದರೆ ಅವಳು ನಂಬಲೇ ಇಲ್ಲ. ನನಗೆ ಮಾತ್ರ, ದಿನಾ ಬೆಳಿಗ್ಗೆ ಈ ಗುಂಡುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯಲ್ಲಿ ಒರೆಸುತ್ತಿದ್ದ ಸೈಬರ್ ಅಂಗಡಿಯ ಭಾಯ್ ಕಣ್ಣಮುಂದೆ ಬಂದು ಕುಳಿತರು…

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಹತ್ತು ಕಂಪ್ಯೂಟರು. ಅದಕ್ಕೂ ಮೊದಲು ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗಾಗಿದ್ದವು. ಕಂಪ್ಯೂಟರಿನ ಆಟವನ್ನು ಅವರು ಒಮ್ಮೆಯೂ ಆಡಿದವರಲ್ಲ, ನೋಡುತ್ತಿದ್ದರು ಅಷ್ಟೆ.

ನಾನಾಗ ಕೂಟಗಲ್ಲಿನಿಂದ ಬಸ್ಸಿನಲ್ಲಿ ಐಟಿಐಗೆ ಬರುತ್ತಿದ್ದೆ. ಭಾಯ್ ಅಂಗಡಿಯಲ್ಲಿ ಆಡುತ್ತಿದ್ದ ನಮ್ಮದು ಐವರ ತಂಡ. ಐವರು ಒಂದು ಕಟ್ಟಡ ಕಾಯಬೇಕು, ಎದುರಿನ ಐವರು ಬಂದೂಕು ಹಿಡಿದು ನುಗ್ಗಬೇಕು, ಅದು ಆಟ. ಊರಿನಲ್ಲಿ ನಮ್ಮನ್ನು ಸೋಲಿಸುವವರಿರಲಿಲ್ಲ. ಬೆಂಗಳೂರಿನ ಪಂದ್ಯವೊಂದಕ್ಕೆ ಹೋಗಬೇಕೆಂಬ ಆಸೆ. ತಂಡಕ್ಕೆ ನಾನೇ ನಾಯಕ. ಗುರಿಯಲ್ಲಿ ನನ್ನ ಸಮ ಯಾರಿಲ್ಲ ಎಂಬ ಜಂಬ ಬೇರೆ.

ಒಂದು ದಿನ ಭಾಯ್ ಹಿಂದೆ ನಿಂತು ನೋಡಿ, "ಗೆದ್ದೂ ಗೆದ್ದೂ ಕೆಟ್ಟೋಯ್ತಾ ಇದ್ದೀರ ಕಣ್ರಪ್ಪ," ಎಂದರು.

ಆಗ ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಅಲ್ಲಿಗೆ ಕೆಲಸಕ್ಕೆ ಬಂದಿದ್ದ, ಈ ಆಟದಲ್ಲಿ ಪಳಗಿದ ಬೇರೆ ಊರಿನ ಐವರನ್ನು ಭಾಯ್ ಹುಡುಕಿ, ಮುಂದಿನ ಭಾನುವಾರ ಕರೆಸಿದರು. ಹದಿನಾರು ಸುತ್ತಿನಲ್ಲಿ ನಾವು ಹದಿನೈದು ಸೋತೆವು. ನಾನು ಮೌಸ್ ಕುಕ್ಕಿ ಎದ್ದು, ನಮ್ಮ ತಂಡದ ಅಕ್ಕೂರಿನ ಶಿವಲಿಂಗನಿಗೆ ಬಾಯಿಗೆ ಬಂದಂತೆ ಬೈದೆ. ಅವನ ಗುರಿ ಅಷ್ಟಕ್ಕಷ್ಟೆ.

ಭಾಯ್ ಎಲ್ಲ ಕೇಳಿಸಿಕೊಂಡು, "ಬರೋ ವಾರಾನೂ ಅವ್ರು ಬತ್ತಾರೆ. ಇನ್ಮೇಲೆ ನಾಯಕ ಶಿವಲಿಂಗ," ಎಂದರು.

ಮೂರು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ಸಂಜೆ ಭಾಯ್ ಮೊಪೆಡ್ಡಿನಲ್ಲಿ ಮನೆಗೇ ಬಂದರು. ಅವ್ವ ಚಾಪೆ ಹಾಸಿ ಟೀ ಕೊಟ್ಟಳು.

"ಯಾಕಪ್ಪ ಬತ್ತಾ ಇಲ್ಲ?"

"ನಾನಿಲ್ದೆ ಹೆಂಗ್ ಆಡ್ತಾರೋ ಆಡ್ಲಿ ಬುಡಿ ಭಾಯ್."

"ನಿನ್ ಗುರಿ ಚೆನ್ನಾಗೈತೆ ಕಣಪ್ಪ, ಕಿವಿನೇ ಒಸಿ ಮಂದ. ಅವತ್ತು ಹಿಂದ್ಗಡೆ ಬಂದ್ರು ಅಂತ ಶಿವಲಿಂಗ ಮೂರ್ ಸಲ ಕೂಗ್ದ. ಬಾಗ್ಲಲ್ಲಿ ಕುಂತಿದ್ದ ನಂಗೆ ಕೇಳುಸ್ತು. ಪಕ್ಕದಲ್ಲಿದ್ದ ನಿಂಗೆ ಕೇಳುಸ್ನಿಲ್ಲ."

ಅವ್ವ ನನ್ನ ಮುಖ ನೋಡಿದಳು. ಮುಂದಿನ ಭಾನುವಾರ ಹೋದೆ.

ಅಲ್ಲಿಂದಾಚೆಗೆ ಭಾಯ್ ಸ್ಟೂಲಿನ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಯಾರು ಎಷ್ಟು ಜನರನ್ನು ಹೊಡೆದರು ಎಂದಲ್ಲ, ನಮ್ಮಲ್ಲಿ ಯಾರು ಯಾಕೆ ಸತ್ತರು ಎಂದು. ಆಟ ಮುಗಿದ ಮೇಲೆ ಎದುರಾಳಿಗಳ ಮುಂದೆಯೇ ಅದನ್ನು ಓದುವರು. ಮೊದಮೊದಲು ಮೈ ಉರಿಯುತ್ತಿತ್ತು. ಬಿಡದಿಯವರು ಮಾತ್ರ ನಗಲಿಲ್ಲ. ಟೀ ಕುಡಿಯುತ್ತ, ಎಲ್ಲಿ ನಿಲ್ಲಬೇಕಿತ್ತೆಂದು ಹೇಳಿಕೊಡುತ್ತಿದ್ದರು. ಶಿವಲಿಂಗನಿಗೋ, ಯಾರು ಎಲ್ಲಿದ್ದಾರೆ ಎನ್ನುವುದು ನೋಡದೆಯೂ ತಿಳಿಯುತ್ತಿತ್ತು. ಅವನು ಕೂಗಿದ ಕಡೆ ತಿರುಗುವುದನ್ನು ಕಲಿತೆ. ನಾಲ್ಕನೆಯ ತಿಂಗಳಲ್ಲಿ ಬಿಡದಿಯವರನ್ನು ಒಂಬತ್ತಕ್ಕೆ ಏಳರಿಂದ ಸೋಲಿಸಿದೆವು. ಅವರ ನಾಯಕ ಎದ್ದು ಬಂದು ಮೊದಲು ಕೈ ಕುಲುಕಿದ್ದು ಭಾಯ್‌ದು!

ಬೆಂಗಳೂರಿನಲ್ಲಿ ಮೊದಲ ಪಂದ್ಯ ಗೆದ್ದೆವು, ಎರಡನೆಯದು ಸೋತೆವು. ವಾಪಸ್ಸು ರೈಲಿನಲ್ಲಿ ಭಾಯ್ ಎಲ್ಲರಿಗೂ ಕಡಲೆಕಾಯಿ ಕೊಡಿಸಿ, "ಸೋಲ್ಸಿದ್ರಲ್ಲ, ಅವ್ರ ನಂಬರ್ ಈಸ್ಕೊಂಡಿವ್ನಿ. ಬರೋ ಭಾನುವಾರ ಅವ್ರನ್ನೇ ಕರುಸ್ತೀನಿ," ಎಂದರು. ಬೋಗಿಯೇ ತಿರುಗಿ ನೋಡುವಂತೆ ನಕ್ಕೆವು.

ಓದು ಮುಗಿದ ಮೇಲೆ, ಕೆಲಸ ಖಾಲಿ ಇದೆ ಬಾ ಎಂದು ನನ್ನನ್ನು ಕಾರ್ಖಾನೆಗೆ ಕರೆದವನು ಆ ಬಿಡದಿ ತಂಡದ ನಾಯಕನೇ. ಶಿಫ್ಟು, ಮದುವೆ, ರಾಮನಗರದಲ್ಲಿ ಬಾಡಿಗೆ ಮನೆ… ಆಟ ನಿಂತಿತು. ಮೊಬೈಲಿಗೇ ಇಂಟರ್ನೆಟ್ ಬಂದ ಮೇಲೆ ಅಂಗಡಿಯೂ ಮುಚ್ಚಿತು.

ಭಾಯ್ ತೀರಿಕೊಂಡು ಎರಡು ವರ್ಷವಾಯಿತು. ನನಗೆ ತಿಳಿದದ್ದು ಮಣ್ಣಾದ ಮೂರು ದಿನಕ್ಕೆ. ದಿನಾ ನಾನು ಕಂಪನಿ ಬಸ್ಸು ಹತ್ತುವುದು ಅವರ ಅಂಗಡಿ, ಮನೆ ಇದ್ದ ಆ ಬೀದಿಯ ತಿರುವಿನಲ್ಲೇ. ಇಷ್ಟು ವರ್ಷಗಳಲ್ಲಿ ಒಂದು ಸಲ ನಾಲ್ಕು ಹೆಜ್ಜೆ ಒಳಗೆ ನಡೆದು, "ಅವತ್ತು ನೀವು ನಮ್ಮನೆಗೆ ಬಂದಿದ್ದು ಒಳ್ಳೇದಾಯ್ತು ಭಾಯ್," ಎಂದು ಹೇಳಬಹುದಿತ್ತು.