ಔಷಧಿ ನೀರು ಕಾಣದ ಕತ್ತರಿ

ಕಿವಿಹಣ್ಣಿನ ಊರಾದ ಟೆ ಪುಕೆಯಲ್ಲಿ ನೋಲೀನ್ ಪರ್ಡಿಯ ಬಾಯಿಗೆ ಹೆದರದವರಿರಲಿಲ್ಲ. ಕಿವಿಹಣ್ಣಿನ ಬಳ್ಳಿಗಳಿಗೆ ರೋಗ ಬಂದ ಆ ವರ್ಷ ತೋಟದ ಗೇಟಿನಲ್ಲಿ ಔಷಧಿ ನೀರಿನ ಬಕೆಟ್ ಇಟ್ಟು, ಬೂಟು ಅದ್ದದೆ ಒಳಗೆ ಕಾಲಿಟ್ಟವರ ಜನ್ಮ ಜಾಲಾಡುತ್ತಿದ್ದಳು. ಪಾದ್ರಿಯನ್ನೂ ಬಿಟ್ಟವಳಲ್ಲ.

ಇಪ್ಪತ್ತೆರಡನೇ ವಯಸ್ಸಿಗೆ ಹಣ್ಣು ಆರಿಸುವ ಶೆಡ್ಡಿಗೆ ಕೂಲಿಗೆ ಬಂದವಳು. ಕಾಲಿನ್ ಸಿಕ್ಕಿದ್ದು ಅಲ್ಲೇ. ಇಬ್ಬರೂ ಸೇರಿ ಆರು ಎಕರೆ ಬಳ್ಳಿ ಹಬ್ಬಿಸಿದರು. ಹೋದ ಬೇಸಿಗೆಯಲ್ಲಿ ಅವನು ಚಪ್ಪರದ ಕೆಳಗೇ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಅವನು ಬಳ್ಳಿ ಸವರುತ್ತಿದ್ದ ಕತ್ತರಿಯ ಹಿಡಿಗೆ ಸುತ್ತಿದ ಬಟ್ಟೆಪಟ್ಟಿ ಬೆವರು ಕುಡಿದು ಕರ್ರಗಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಸಾಕು, ಕಾಲಿನ್ ಪಕ್ಕದಲ್ಲೇ ನಿಂತ ಹಾಗೆ.

ಚಳಿಗಾಲದಲ್ಲಿ ಬಳ್ಳಿ ಸವರುವಾಗ ಎಲ್ಲರ ಬಳಿಯೂ ಎರಡು ಕತ್ತರಿ: ಒಂದು ಕೈಯಲ್ಲಿ, ಇನ್ನೊಂದು ಔಷಧಿ ನೀರಿನಲ್ಲಿ. ರೋಗ ದಾಟದಿರಲೆಂದು ಪ್ರತಿ ಬಳ್ಳಿಗೂ ಅದಲುಬದಲು. ನೋಲೀನ್ ಮಾತ್ರ ಗಂಡನ ಕತ್ತರಿಯೊಂದನ್ನೇ ಹಿಡಿದು, ಯಾರೂ ನೋಡದಾಗ ಅಲಗನ್ನು ಏಪ್ರನ್ನಿಗೆ ಒರೆಸಿಕೊಂಡಳು. ಮುಳುಗಿಸಿದರೆ ಆ ವಾಸನೆ ಹೋಗಿಬಿಡುತ್ತದಲ್ಲ! ತನ್ನ ತೋಟ ಮುಗಿಸಿ, ವರ್ಷವರ್ಷದ ಹಾಗೆ ರಸ್ತೆಯಾಚೆಯ ಗೆಳತಿ ಮೆರೆಆನಾಳ ತೋಟದಲ್ಲಿ ನಾಲ್ಕು ಸಾಲನ್ನೂ ಅದರಲ್ಲೇ ಸವರಿಕೊಟ್ಟಳು. ಮೆರೆಆನಾಳ ಅಪ್ಪ ನೆಟ್ಟ ಬಳ್ಳಿಗಳವು.

ಚಳಿ ಮುಗಿದು ಸೆಪ್ಟೆಂಬರಿನಲ್ಲಿ ಚಿಗುರೊಡೆಯುವ ಹೊತ್ತಿಗೆ ನೋಲೀನಳ ಬಳ್ಳಿಗಳಿಂದ ರೋಗದ ಗುರುತಾದ ಕೆಂಪು ರಸ ಸೋರಿತು. ವಾರದೊಳಗೆ ಮೆರೆಆನಾಳ ತೋಟದಲ್ಲೂ ಸೋರಿತು, ಸರಿಯಾಗಿ ಆ ನಾಲ್ಕೇ ಸಾಲಿನಲ್ಲಿ. ಎರಡೂ ತೋಟಗಳನ್ನು ಬುಡಸಮೇತ ಕಡಿಯಬೇಕೆಂದು ಹೇಳಿ ತಪಾಸಣೆಯವರು ಹೋದರು.

ಮೆರೆಆನಾ ತನ್ನ ಮನೆಗೆ ಬಂದ ನೋಲೀನಳ ಮುಂದೆ ಚಹಾ ಬಸಿದಿಟ್ಟಳು. ಅಪ್ಪನ ಬಳ್ಳಿ ಹೋಗುತ್ತಿದ್ದರೂ ಸಮಾಧಾನ ಹೇಳುತ್ತಿದ್ದವಳು ಅವಳೇ. "ಗಾಳೀಲಿ ಬಂದಿರ್ಬೇಕು ಬಿಡೇ. ಊರಿಗೆಲ್ಲ ಬಂದಿದ್ದು ನಮಗೂ ಬಂತು."

ತಪ್ಪನ್ನು ಗಾಳಿಯ ತಲೆಗೆ ಕಟ್ಟಿ ನೋಲೀನ್ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು.

"ನಾಲ್ಕೇ ಸಾಲಿಗೆ ಬೀಸೋ ಗಾಳಿ ಎಲ್ಲಿದೆಯೇ? ಇದನ್ನ ನಾನು ಒಂದ್ಸಲಾನೂ ಅದ್ದಲಿಲ್ಲ ಕಣೇ. ಅವನ ವಾಸನೆ ಹೋಗುತ್ತೆ ಅಂತ..."

ಮೆರೆಆನಾ ಕತ್ತರಿಯನ್ನು ಮುಟ್ಟಲಿಲ್ಲ. ಆ ಕರೀ ಪಟ್ಟಿಯನ್ನೇ ನೋಡಿದಳು.

"ನನ್ನ ಮೊಮ್ಮಗಳ ಬೂಟು ಅದ್ದಿಸಿದ್ಯಲ್ಲೇ ನೀನು, ಅವಳು ಅಳ್ತಿದ್ರೂ ಬಿಡದೆ," ಎಂದಳು. "ಕಾಲಿನ್ ಇದ್ದಿದ್ರೆ ಎಲ್ಲರಿಗಿಂತ ಮೊದಲು ಅವನೇ ಅದ್ದಿರ್ತಿದ್ದ," ಎಂದು ಎದ್ದು ಬಾಗಿಲು ತೆರೆದು ಹಿಡಿದಳು.

ಕಾಲಿನ್ ಅಂಥವನೇ, ಅದು ನೋಲೀನಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಸ್ತೆ ದಾಟಿ ತನ್ನ ಗೇಟಿಗೆ ಬಂದು ಬಕೆಟ್ಟಿನ ಮುಂದೆ ಕುಕ್ಕರಿಸಿದಳು. ಕತ್ತರಿಯನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದುಕೊಂಡು, ಹಿಡಿಸಮೇತ ನೀರಿಗೆ ಬಿಟ್ಟಳು. ಪಟ್ಟಿಯ ಕಪ್ಪು ನಿಧಾನವಾಗಿ ನೀರಿಗಿಳಿಯಿತು. ರಸ್ತೆಯಾಚೆ ಬಳ್ಳಿ ಕಡಿಯುವ ಗರಗಸ ಶುರುವಾಯಿತು.