ಸೀರೆಗಳಿಗೆ ಊದಿದ ಟ್ರಂಪೆಟ್

ನಮ್ಮ ಹಳೆಯ ಕಬ್ಬಿಣದ ಕಪಾಟು ತೆರೆದರೆ ಇವತ್ತಿಗೂ ಹಿತ್ತಾಳೆಯ ವಾಸನೆ ಬರುತ್ತದೆ. ಹಿತ್ತಾಳೆ, ಅಪ್ಪನ ಟ್ರಂಪೆಟ್‌ನ ಗುಂಡಿಗಳಿಗೆ ಬಿಡುತ್ತಿದ್ದ ತೆಳು ಎಣ್ಣೆ, ಅವ್ವನ ಇಳಕಲ್ ಸೀರೆಗಳ ನಡುವಿನ ಬೇವಿನೆಲೆ. ಬೇರೆಯವರ ಮೂಗಿಗೆ ಅದು ಬರೀ ಮುಗ್ಗಲು. ನಿಮ್ಮ ಮನೆಯಲ್ಲೂ ಅಂಥದೊಂದು ಕಪಾಟು ಉಳಿದಿದ್ದರೆ ನನ್ನ ಮಾತು ಕೇಳಿ, ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ತಲೆ ಒಳಗಿಟ್ಟು ಮೂಸಿ ನೋಡಿ. ಮಲಾಡಿನ ಮಾರ್ಕೆಟ್‌ನಲ್ಲಿ ಸೀರೆ ಮಾರಿ ಬದುಕು ಕಟ್ಟಿಕೊಂಡವಳು ನಾನು. ಈ ವಾಸನೆ ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಅಪ್ಪ ಬೆಳಗಾವಿಯ ಮಿಲಿಟರಿ ಬ್ಯಾಂಡಿನಲ್ಲಿ ಊದಲು ಕಲಿತು, ಮುಂಬಯಿಗೆ ಬಂದು ಜಾಝ್‌ಗೆ ಮರುಳಾದವನು. ಫೋರ್ಟ್‌ನ ಹೋಟೆಲೊಂದರಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನುಡಿಸುತ್ತಿದ್ದ ಬ್ಯಾಂಡಿನಲ್ಲಿ ಮೂವರು ಟ್ರಂಪೆಟ್‌ನವರಿದ್ದರು. ಮೊದಲ ಕುರ್ಚಿ ಅಪ್ಪನದು, ಎತ್ತರದ ಸ್ವರಗಳೆಲ್ಲ ಆ ಕುರ್ಚಿಯವು, ಕೆಳಗಿನವು ಮೂರನೆಯದರವು. ಮಲಾಡಿನ ಚಾಳಿನ ಒಂದೇ ಕೋಣೆಯಲ್ಲಿ ಅವನು ಬೆಳಿಗ್ಗೆ ಅಭ್ಯಾಸಕ್ಕೆ ಕುಳಿತರೆ ಪಕ್ಕದ ಕೋಣೆಯ ಮರಾಠಿ ಅಜ್ಜಿ, ನಮ್ಮೆಲ್ಲರ ಆಜಿ, ಗೋಡೆ ಬಡಿದು, ಯಾರ ಮದುವೆಯ ಮೆರವಣಿಗೆ ಬಂತಪ್ಪಾ ಎಂದು ಕೂಗುತ್ತಿದ್ದಳು. ಅದಕ್ಕೆ ಅವ್ವ ಉಪಾಯ ಹುಡುಕಿದಳು: ಕಪಾಟು ತೆರೆದು, ಕಂಬಿಗೆ ನೇತುಹಾಕಿದ ಸೀರೆಗಳ ನಡುವೆ ಟ್ರಂಪೆಟ್‌ನ ಬಾಯಿ ತೂರಿಸಿ ಊದುವುದು. ಸೀರೆಗಳು ಅರ್ಧ ದನಿ ನುಂಗುತ್ತಿದ್ದವು. ಅಪ್ಪನ ಉಸಿರಿಗೆ ಸೆರಗುಗಳು ಅಲುಗುವುದನ್ನು ನೋಡುತ್ತ ನಾನು ತಲೆ ಬಾಚಿಸಿಕೊಳ್ಳುತ್ತಿದ್ದೆ.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಗಣಪತಿ ಹಬ್ಬ ಮುಗಿದ ವಾರ, ಲೋಕಲ್ ರೈಲು ಹತ್ತುವ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ಬಡಿದು ಅಪ್ಪನ ಮುಂದಿನ ಎರಡು ಹಲ್ಲು ಮುರಿದವು. ಟ್ರಂಪೆಟ್ ಊದುವವನಿಗೆ ತುಟಿಯ ಹಿಂದೆ ಹಲ್ಲಿನ ಆಸರೆ ಬೇಕು. ಕಟ್ಟಿಸಿಕೊಂಡ ಹಲ್ಲಿಗೆ ತುಟಿಯನ್ನು ಮೊದಲಿನಿಂದ ಪಳಗಿಸಬೇಕು. ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿ ಬ್ಯಾಂಡ್ ಮಾಸ್ತರರ ಎದುರು ನಿಂತ. ಅವರು ಮಂಗಳೂರಿನವರು. “ದೀಪಾವಳಿಯವರೆಗೆ ಕುರ್ಚಿ ಇಡ್ತೇನೆ ಮಾರಾಯ. ಮತ್ತೆ ಬೇರೆಯವರನ್ನು ನೋಡ್ಬೇಕಾಗ್ತದೆ” ಎಂದರು. ಅಪ್ಪ ಹೂಂ ಅನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ.

“ದೀಪಾವಳ್ಯಾಗ ನಿಮ್ಮ ಹೋಟೆಲ್‌ಗೆ ಯಾರ್ ಬರ್ತಾರ್ರಿ ಅಂಕಲ್? ಗದ್ದಲ ಇರೂದು ಕ್ರಿಸ್‌ಮಸ್‌ಕ್ಕ. ಅಲ್ಲೀತನಾ ಇಡ್ರಿ.”

ಮಾಸ್ತರರು ನಕ್ಕುಬಿಟ್ಟರು. “ಇದು ಮಗಳೋ ದಲಾಲಿಯೋ ಮಾರಾಯ? ಆಯ್ತು, ಕ್ರಿಸ್‌ಮಸ್.” ಅದು ನನ್ನ ಮೊದಲ ಚೌಕಾಶಿ.

ಅಪ್ಪ ದಿನವೂ ಹಠ ಹಿಡಿದು ಸೀರೆಗಳಿಗೆ ಊದಿದ. ತುಟಿ ಒಡೆದರೆ ತುಪ್ಪ ಸವರಿಕೊಂಡು ಮತ್ತೆ ಕುಳಿತ. ದನಿ ಸಣ್ಣದಾದರೆ, “ಸೀರಿ ಬಾಳ ಆಗ್ಯಾವ” ಎನ್ನುತ್ತಿದ್ದ, ನಾನೂ ನಂಬಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಅವ್ವ ಸೀರೆಗಳನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಒಟ್ಟಿದಳು.

“ಈಗ ಊದ್ರಿ.”

“ಆಜಿ ಬೈತಾಳ.”

“ಬೈಲಿ ಬಿಡ್ರಿ. ಖರೇ ಆವಾಜ್ ಎಷ್ಟೈತಿ ಕೇಳೂಣು.”

ಅಪ್ಪ ಎತ್ತರದ ಸ್ವರಕ್ಕೆ ಏರಿದ. ಅದು ನಡುವೆಯೇ ಒಡೆದು ಬರೀ ಗಾಳಿಯಾಯಿತು. ಗೋಡೆ ಸುಮ್ಮನಿತ್ತು. ಮತ್ತೊಮ್ಮೆ ಏರಿದ, ಮತ್ತೆ ಗಾಳಿ. ಆಜಿಗೂ ಎಲ್ಲ ತಿಳಿದುಹೋಯಿತೆಂದು ನನಗೆ ಅಳು ಬಂತು. ಅಪ್ಪ ತುಟಿ ಒರೆಸಿಕೊಂಡು, ಟ್ರಂಪೆಟ್‌ನ ಬಾಯಿಯನ್ನು ಖಾಲಿ ಕಪಾಟಿನೊಳಗೆ ತೂರಿಸಿ, ಕೆಳಗಿನ ಸ್ವರವೊಂದನ್ನು ಹಿಡಿದ. ಅದು ದಪ್ಪಗೆ, ಕದಲದೆ, ಕಪಾಟಿನ ತಗಡನ್ನು ನಡುಗಿಸುತ್ತ ನಿಂತಿತು. ಆಗ ಆಜಿ ಗೋಡೆ ಬಡಿದಳು. ಅವ್ವ ನಕ್ಕಳು.

ಕ್ರಿಸ್‌ಮಸ್ ಬಂದಾಗ ಅಪ್ಪನೇ ಮಾಸ್ತರರಿಗೆ ಹೇಳಿದ: “ಮ್ಯಾಲಿನ ಸ್ವರ ಇನ್ನ ನನ್ನ ಕಡೆ ಆಗೂದಿಲ್ರಿ. ಮೂರನೇ ಕುರ್ಚಿ ಕೊಡ್ರಿ. ಬಿಟ್ಟು ಮಾತ್ರ ಹೋಗಾಂವಲ್ಲ.” ಕೇಳಬೇಕಾದದ್ದನ್ನು ಹೀಗೆ ಕೇಳಬೇಕು ನೋಡಿ, ಅಂಗಡಿಯ ಹುಡುಗಿಯರಿಗೆ ನಾನು ಈಗಲೂ ಹೇಳುತ್ತೇನೆ. ಹೋಟೆಲಿನವರು ಬ್ಯಾಂಡನ್ನೇ ನಿಲ್ಲಿಸುವವರೆಗೂ ಅವನು ಆ ಕುರ್ಚಿ ಬಿಡಲಿಲ್ಲ.

ಚಾಳು ಕೆಡವಿದರು. ಆಜಿ, ಅಪ್ಪ, ಅವ್ವ ಒಬ್ಬರಾದ ಮೇಲೊಬ್ಬರು ಹೋದರು. ಕಪಾಟು ನನ್ನ ಜೊತೆ ಬೊರಿವಲಿಯ ಫ್ಲ್ಯಾಟಿಗೆ ಬಂದಿದೆ. ಅವ್ವನ ಸೀರೆಗಳನ್ನು ಕೆಳಗಿನ ಖಾನೆಯಲ್ಲಿ ಮಡಚಿಟ್ಟಿದ್ದೇನೆ. ಮೇಲಿನ ಕಂಬಿಗೆ ನಾನು ಏನೂ ಹಾಕಿಲ್ಲ. “ಮಮ್ಮಿ, ಇಷ್ಟು ಜಾಗ ವೇಸ್ಟ್ ಯಾಕೆ?” ಎನ್ನುತ್ತಾಳೆ ಮಗಳು. ಇಂಚು ಜಾಗಕ್ಕೂ ಜಗಳ ಮಾಡುವವಳು ನಾನು, ಅಪ್ಪ ಊದುತ್ತಿದ್ದ ಈ ಜಾಗವನ್ನು ಮಾತ್ರ ತುಂಬಿಸುವುದಿಲ್ಲ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಬಾಗಿಲು ತೆರೆದು ತಗಡಿಗೆ ಅಂಗೈ ಇಡುತ್ತೇನೆ. ಕೆಳಗೆ ಹಳಿಯ ಮೇಲೆ ಲೋಕಲ್ ಹಾದುಹೋಗುವಾಗ ಅದು ಸಣ್ಣಗೆ ನಡುಗುತ್ತದೆ. ಪಕ್ಕದ ಫ್ಲ್ಯಾಟಿನಿಂದ ಯಾರೂ ಗೋಡೆ ಬಡಿಯುವುದಿಲ್ಲ.