ಪೌಲಿನ್ ಕಟ್ಟಿದ ಕಂಪೈಲರ್

ಪೌಲಿನ್ ಯಾವ ಕೆಲಸವನ್ನೂ ಅರೆಬರೆಯಾಗಿ ಕೈಬಿಟ್ಟವಳಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಅವಳು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ ಎನ್ನುತ್ತಿದ್ದರು ಜೊತೆಯವರು. ಆ ಗುಣವೇ ಅವಳಿಗೆ ಮುಳುವಾಯಿತು.

ಇಸವಿ ಎರಡು ಸಾವಿರದಲ್ಲಿ ಗೆಳತಿ ಮಧುಶ್ರೀ ಒಂದು ತೊಂದರೆ ಹೊತ್ತು ಬಂದಳು. ರಾಜೀವನಗರದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದರಲ್ಲಿ ಅವಳು ಟೀಚರ್. ಪೌಲಿನ್‌ಳಿಂದಲೇ ಕಲಿತ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಚಿತ್ರ ನೋಡಿ ಪದ ಜೋಡಿಸುವ ಆಟವೊಂದನ್ನು ಬರೆದಿದ್ದಳು. ಶಾಲೆಗೆ ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳಲ್ಲಿ ಬ್ರೌಸರ್ ಏನೋ ತೆರೆಯುತ್ತಿತ್ತು. ಜಾವಾ ಶುರುವಾದೊಡನೆ ಯಂತ್ರವೇ ಮರಗಟ್ಟಿ ನಿಲ್ಲುತ್ತಿತ್ತು.

“ಬ್ರೌಸರಿಗೆ ಅದರದ್ದೇ ಭಾಷೆ ಇದ್ಯಲ್ಲ, ಜಾವಾಸ್ಕ್ರಿಪ್ಟು. ನಿನ್ನ ಜಾವಾನ ಅದಕ್ಕೆ ತಿರುಗಿಸೋ ಕಂಪೈಲರ್ ನಾನೇ ಬರೀತೀನಿ ಬುಡು,” ಎಂದಳು ಪೌಲಿನ್.

ದಸರೆಯ ಹೊತ್ತಿಗೆ ಆಟ ಅವಳ ಮನೆಯ ಬ್ರೌಸರಿನಲ್ಲಿ ನಡೆಯಿತು. ಆನೆಯ ಚಿತ್ರದ ಕೆಳಗೆ ಅಕ್ಷರಗಳು ಎಳೆದು ಬಿಟ್ಟಲ್ಲೇ ಕೂತವು. ಮಧುಶ್ರೀ ಕುಣಿದಾಡಿದಳು.

“ಇಷ್ಟು ಸಾಕು ಕಣಕ್ಕ, ಕೊಟ್ಬುಡು. ನಾಳೇನೇ ಮಕ್ಕಳಿಗೆ ಹಾಕ್ತೀನಿ.”

“ತಡಿ. ಒಂದೇ ಹೆಸರಿನ ಎರಡು ಫಂಕ್ಷನ್ ಬಂದ್ರೆ ಯಾವುದನ್ನ ಕರೀಬೇಕು ಅಂತ ಇದಕ್ಕಿನ್ನೂ ಗೊತ್ತಾಗಲ್ಲ.”

“ನನ್ನ ಆಟದಲ್ಲಿ ಅಂಥದ್ದು ಒಂದೂ ಇಲ್ವಲ್ಲ?”

“ಮುಂದೆ ಬರುತ್ತೆ. ಅರೆಬೆಂದಿದ್ದನ್ನ ಮಕ್ಕಳ ಮುಂದೆ ಇಡೋದಾ?”

ಮಧುಶ್ರೀ ದೀಪಾವಳಿಗೆ ಮತ್ತೆ ಕೇಳಿದಳು. ಕ್ರಿಸ್‌ಮಸ್ ಕೇಕಿಗೆ ಬಂದಾಗಲೂ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಪೌಲಿನ್ ಅದನ್ನು ಗಮನಿಸಲಿಲ್ಲ. ಜಾವಾದಲ್ಲಿ ಕ್ಲಾಸ್ ಎಂದು ಕರೆಯುವ ಒಂದು ಅಚ್ಚಿನ ಗುಣಗಳು ಅದರಿಂದ ಹುಟ್ಟಿದ ಇನ್ನೊಂದು ಕ್ಲಾಸಿಗೆ ಸರಿಯಾಗಿ ಇಳಿದು ಬರುವಂತೆ ಮಾಡುವುದರಲ್ಲಿ ಅವಳು ಊಟವನ್ನೂ ಮರೆಯುತ್ತಿದ್ದಳು.

ಎಲ್ಲ ಸರಿಹೋಯಿತೆಂದು ಸಿ.ಡಿ. ಹಿಡಿದು ಶಾಲೆಗೆ ಹೋದದ್ದು ೨೦೦೩ರ ಜೂನಿನಲ್ಲಿ. ಆಗಿನ ಮಕ್ಕಳು ಏಳನೆಯದು ಮುಗಿಸಿ ಹೊರಟುಹೋಗಿದ್ದರು. ಕಂಪ್ಯೂಟರುಗಳು ಗುಜರಿ ಸೇರಿದ್ದವು. ಹೊಸ ಮಕ್ಕಳು ನೆಲದ ಮೇಲೆ ಕೂತು, ಮಧುಶ್ರೀ ರಟ್ಟಿನಲ್ಲಿ ಕತ್ತರಿಸಿಕೊಟ್ಟ ಅಕ್ಷರಗಳನ್ನು ಜೋಡಿಸುತ್ತಿದ್ದರು.

“ಬೇಜಾರು ಮಾಡ್ಕೋಬೇಡ ಅಕ್ಕ,” ಎಂದು ಮಧುಶ್ರೀಯೇ ಸಮಾಧಾನ ಮಾಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅವತ್ತೇ ಕೊಟ್ಬುಡಬೇಕಿತ್ತು, ಮಧು.”

ಮಧುಶ್ರೀ ಇಲ್ಲವೆನ್ನಲಿಲ್ಲ.

ಮುಂದೆ ದೊಡ್ಡ ಕಂಪನಿಯೊಂದು ಅಂಥದೇ ಕಂಪೈಲರನ್ನು ಪುಕ್ಕಟೆಯಾಗಿ ಹಂಚಿತು. “ನಿಮ್ಮದೇ ಮೊದಲಲ್ವೇನ್ರೀ? ಹೊಟ್ಟೆ ಉರಿಯಲ್ವಾ?” ಎಂದು ಕೇಳಿದ, ಜೊತೆಗೆ ಕೆಲಸ ಮಾಡುವ ಅಮರೇಶ್.

ಪೌಲಿನ್ ಇಲ್ಲವೆಂದು ತಲೆಯಾಡಿಸಿದಳು. ಅವಳನ್ನು ಕೊರೆಯುತ್ತಿದ್ದದ್ದು ಅದಲ್ಲ. ಆ ಆಟ ಯಾರಿಗಾಗಿ ಹುಟ್ಟಿತ್ತೋ ಆ ಮಕ್ಕಳಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ.